ಹುಲ್ಲಿನಲ್ಲಿ ಉಳಿದ ವಾಸನೆ

ಏಳನೆಯ ಕಂತು

ಪಂಕಜಾ ಕಣ್ಣು ಮುಚ್ಚಿಕೊಂಡು ಖಾಲಿ ಪೆಟ್ಟಿಗೆಯೊಳಗೆ ಮುಖ ಇಳಿಸಿದಳು.

ಐಸೆಲಿನ್‌ನ ಓಕ್ ಟ್ರೀ ರೋಡಿನಲ್ಲಿ ಕರೀಂ ಅವರ ಹೋಟೆಲು, ಅದರ ಹಿಂಬದಿಯ ಕೋಲ್ಡ್ ರೂಮು. ಒಂದು ಕಡೆ ಕೊತ್ತಂಬರಿ ಸೊಪ್ಪಿನ ಕ್ರೇಟುಗಳು, ಇನ್ನೊಂದು ಕಡೆ ಮೊಸರಿನ ಬಕೆಟ್ಟುಗಳು. ನಡುವೆ ಅರವತ್ತಮೂರು ವರ್ಷದ, ಮೊಣಕಾಲು ನೋವಿನ ಹೆಂಗಸೊಬ್ಬಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮರದ ಪೆಟ್ಟಿಗೆಯನ್ನು ಮೂಸುತ್ತಿದ್ದಾಳೆ. ಬೇರೆ ಯಾರಾದರೂ ನೋಡಿದ್ದರೆ ನಗುತ್ತಿದ್ದರು. ಕರೀಂ ನಗಲಿಲ್ಲ. ನ್ಯೂಜೆರ್ಸಿಯ ಪರಿಮಳದ ಲ್ಯಾಬೊಂದರಲ್ಲಿ ಮೂವತ್ತು ವರ್ಷ ಬರೀ ಮೂಗಿನಿಂದ ಕೆಲಸ ಮಾಡಿ ರಿಟೈರ್ ಆದವಳು ಅವಳೆಂಬುದು ಅವರಿಗೆ ಗೊತ್ತಿತ್ತು.

ಪೆಟ್ಟಿಗೆಯ ಹಲಗೆಯ ಮೇಲೆ ‘ಶಾತೋ ಬ್ರೆವಾನ್’ ಎಂದು ಸುಟ್ಟು ಮೂಡಿಸಿದ ಅಕ್ಷರಗಳು, ಕಡಲಾಚೆ ಹಂಸಿನಿ ಬೆಳೆಸಿದ ದ್ರಾಕ್ಷಿತೋಟದ ಹೆಸರು. ಶನಿವಾರ ಜೆರಿಕೋದಲ್ಲಿ, ಆಕರ್ಷ್‌ನ ಮನೆಯ ಪಾರ್ಟಿಯಲ್ಲಿ, ಅಲ್ಲಿಯವರೆಗೆ ಇದೇ ಕೋಲ್ಡ್ ರೂಮಿನಲ್ಲಿಟ್ಟಿದ್ದ ಈ ಪೆಟ್ಟಿಗೆಯಿಂದ ಹೊರಬಂದ ಹನ್ನೆರಡು ಬಾಟಲಿಗಳಲ್ಲಿ ಇದ್ದದ್ದು ಬ್ರೆವಾನ್ ತೋಟದ ವೈನೇ ಅಲ್ಲ. ಲೇಬಲ್ಲು ಅಸಲಿ, ಬಿರಡೆ ಅಸಲಿ, ಒಳಗಿನದು ಮಾತ್ರ ಯಾವುದೋ ಮಾಮೂಲಿ ಕೆಂಪು ವೈನು.

ಹಾಗೆಂದು ಮೂವತ್ತು ಜನರ ಎದುರು ಥಟ್ಟನೆ ಹೇಳಿಬಿಟ್ಟವಳು ಪಂಕಜಾಳೇ. ಬಾಯಿಂದ ಮಾತು ಜಾರಿದ ಮೇಲೆ ಹಂಸಿನಿಯ ಮುಖ ನೋಡಿದ್ದಳು. ಎರಡು ದಿನದಿಂದ ಆ ಮುಖ ಅವಳ ಕಣ್ಣ ಮುಂದಿನಿಂದ ಸರಿದಿರಲಿಲ್ಲ. ಹಂಸಿನಿ ಹೊಟ್ಟೆಯಲ್ಲಿ ಹುಟ್ಟಿದ ಮಗಳಲ್ಲ, ಆದರೆ ಧಾರವಾಡದಿಂದ ಓದಲು ಬಂದ ದಿನದಿಂದ ಪಂಕಜಾಳ ಕೈಯ ಊಟ ಉಂಡವಳು.

ವೈನು ಕೊಳ್ಳಬೇಕಿದ್ದ ಮೇರಿಯನ್, ಪಂಕಜಾಳ ಹಳೆಯ ಸಹೋದ್ಯೋಗಿ. ಇವತ್ತು ಸೋಮವಾರ ನಾಲ್ಕು ಗಂಟೆಯವರೆಗೆ ಗಡುವು ಕೊಟ್ಟಿದ್ದಳು. ಅಷ್ಟರೊಳಗೆ ಅಸಲಿ ವೈನು ಕಣ್ಣಿಗೆ ಬೀಳದಿದ್ದರೆ ಅವಳು ಒಪ್ಪಂದದಿಂದ ಹೊರಗೆ. ಅವಳು ಹೊರಗಾದರೆ ಹಂಸಿನಿಯ ಕೈಯಲ್ಲಿ ಹಣವಿಲ್ಲ, ತೋಟ ಅದನ್ನು ಕೊಳ್ಳಲು ಕಾದು ಕೂತ ರೆಸಾರ್ಟಿನವರ ಪಾಲು, ಬಳ್ಳಿಗಳೆಲ್ಲ ಬೇರುಸಹಿತ ಹೊರಗೆ.

ಪಂಕಜಾ ಆ ತೋಟವನ್ನು ಕಣ್ಣಾರೆ ಕಂಡವಳಲ್ಲ. ಆದರೂ ಅದರ ದಾರಿಯೆಲ್ಲ ಅವಳಿಗೆ ಗೊತ್ತು. ಮಾರ್ಚ್ ತಿಂಗಳಲ್ಲಿ ಹಂಸಿನಿ ಪೀಪಾಯಿಯಿಂದ ಬಗ್ಗಿಸಿಕೊಂಡು ಒಂದು ಪುಟ್ಟ ಶೀಷೆಯಲ್ಲಿ ವೈನನ್ನು ತಂದಿದ್ದಳು. ಅವತ್ತು ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬಳಿ ಪಂಕಜಾ ಅದನ್ನು ಮೂಸುತ್ತ ಒಂದು ಗಂಟೆ ಕೂತಿದ್ದಳು. ಮೂರು ಬಗೆಯ ದ್ರಾಕ್ಷಿ ಬೆರೆಸಿದ ವೈನು. ಮೊದಲು ಹಣ್ಣು ಬಂತು, ನೇರಳೆ ಹಣ್ಣಿನ ಹಾಗೆ ನಾಲಿಗೆ ಬಣ್ಣಗೆಡಿಸುವಂಥದ್ದು. ಆಮೇಲೆ ಕರಿಮೆಣಸು. ಎಷ್ಟೋ ಹೊತ್ತಾದ ಮೇಲೆ ಬಿಸಿಲಿಗೆ ಕಾದ ಕಲ್ಲು, ಕಲ್ಲಿನ ಮೇಲೆ ಒಣಗಲು ಹಾಕಿದ ಬಟ್ಟೆ, ಗುಡ್ಡದ ಗಾಳಿ. ಕಣ್ಣು ಬಿಟ್ಟಾಗ ಕಿಟಕಿಯಾಚೆ ಬ್ರಿಡ್ಜ್‌ವಾಟರಿನ ಹಿಮ ಕಂಡು ಅವಳಿಗೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ.

ಮೂವತ್ತು ವರ್ಷ ಹಾಳುಬಿದ್ದಿದ್ದ ತೋಟ ಅದು. ಹಂಸಿನಿ ಒಂಬತ್ತು ವರ್ಷ ಮುಳ್ಳು ಕಡಿದು, ಕಲ್ಲು ಆಯ್ದು, ಮತ್ತೆ ಚಿಗುರಿಸಿದ್ದಳು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಎದುರು ಗುಡ್ಡಕ್ಕೆ ಕಾಡ್ಗಿಚ್ಚು ಬಿದ್ದಾಗಲೂ ತನ್ನ ಒಂದು ಎಲೆ ಬಾಡಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಅದೇ ವರ್ಷದ ಹಣ್ಣಿನ ವೈನು ಇದು, ತೋಟದ ಮೊದಲ ವೈನು.

ಒಂದು ಮಾತು. ಪಂಕಜಾ ಜನ್ಮದಲ್ಲಿ ಒಂದು ಹನಿ ವೈನನ್ನೂ ನಾಲಿಗೆಗೆ ಮುಟ್ಟಿಸಿದವಳಲ್ಲ. ಮೂಗಿಗೆ ಮಡಿಯಿಲ್ಲ, ನಾಲಿಗೆಗೆ ಇದೆ ಎಂಬುದು ಅವಳ ಸಿದ್ಧಾಂತ. ಲ್ಯಾಬಿನಲ್ಲೂ ಅದನ್ನು ನಡೆಸಿಕೊಂಡು ಬಂದವಳು.

“ಏನಾದ್ರೂ ಸಿಗ್ತಾ ಪಂಕಜಮ್ಮ?” ಕರೀಂ ಕೇಳಿದರು.

ಅವಳು ಕೈ ಎತ್ತಿ ಸುಮ್ಮನಿರಿಸಿದಳು. ಮೊದಲು ಮರ. ಮರದ ಕೆಳಗೆ, ಬಾಟಲಿಗಳ ನಡುವೆ ತುರುಕಿದ್ದ ಒಣಹುಲ್ಲು. ಹುಲ್ಲಿನ ಒಳಗೆ ಇನ್ನೇನೋ ಇತ್ತು. ಎಷ್ಟು ಪರಿಚಿತವಾದದ್ದೆಂದರೆ ಅದಕ್ಕೆ ಹೆಸರಿಡಲು ಕ್ಷಣ ಹೊತ್ತು ಹಿಡಿಯಿತು.

“ಸಾರಿನ ಪುಡಿ.”

“ಏನಂದ್ರಿ?”

“ಕರೀಂ ಭಾಯ್, ಈ ಹುಲ್ಲಲ್ಲಿ ಸಾರಿನ ಪುಡಿ ವಾಸನೆ ಇದೆ.”

“ಇದು ಹೋಟ್ಲು ಕಣಮ್ಮ. ಇಲ್ಲಿ ನನ್ನ ಕೋಟು ಕೂಡ ಮಸಾಲೆ ವಾಸನೆ ಹೊಡೆಯುತ್ತೆ.”

“ನಿಮ್ಮದು ಬಿರಿಯಾನಿ. ಚಕ್ಕೆ, ಲವಂಗ, ಹುರಿದ ಈರುಳ್ಳಿ. ಇದು ಬ್ಯಾಡಗಿ ಮೆಣಸಿನಕಾಯಿ, ಧನಿಯಾ, ಇಂಗು, ಕರಿಬೇವು. ಕೊನೇಲಿ ಒಣಗಿಸಿದ ಕಿತ್ತಳೆ ಸಿಪ್ಪೆ.”

ಕರೀಂ ಪೆಟ್ಟಿಗೆಯತ್ತ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಕಿತ್ತಳೆ ಸಿಪ್ಪೆ ಹಾಕೋದು ನೀವೊಬ್ರೇ. ನಮ್ಮನೆಯವಳು ಕುಲ್ಸುಮ್ ಯಾವಾಗ್ಲೂ ಹೇಳ್ತಿರ್ತಾಳೆ.”

“ನಮ್ಮಮ್ಮ ಹೇಳಿಕೊಟ್ಟಿದ್ದು. ವರ್ಷಕ್ಕೊಂದು ಸಲ ಮಾಡ್ತೀನಿ. ನಮ್ಮನೆ ಬಿಟ್ಟರೆ ಮೂರೇ ಮನೆಗೆ ಹೋಗೋದು. ನಿಮ್ಮನೆ, ಆಕರ್ಷ್ ಮನೆ, ಹಂಸಿನಿ ಮನೆ.”

“ಅಂದ್ರೆ ನನ್ನ ಮೇಲೆ ಅನುಮಾನ.”

“ನಿಮ್ಮ ಮೇಲೂ,” ಎಂದಳು ಪಂಕಜಾ. ಮುಖಸ್ತುತಿ ಅವಳಿಗೆ ಬರುತ್ತಿರಲಿಲ್ಲ. ಇಪ್ಪತ್ತು ವರ್ಷದ ಸ್ನೇಹ, ಒಂದೇ ಮೈಸೂರು, ರಂಜಾನಿಗೂ ಯುಗಾದಿಗೂ ಡಬ್ಬಿಗಳು ಆಚೀಚೆ ಓಡಾಡಿದ ಮನೆಗಳು. ಕರೀಂ ಅವರ ಮುಖ ಕಂದಿತು. ಅವಳಿಗೂ ನೋವಾಯಿತು, ಆದರೆ ಗಡಿಯಾರದಲ್ಲಿ ಎರಡು ಗಂಟೆ ದಾಟಿತ್ತು.

ಕರೀಂ ಮೊಸರಿನ ಬಕೆಟ್ಟೊಂದನ್ನು ಮಗುಚಿ ಅದರ ಮೇಲೆ ಕೂತರು.

“ಒಂದು ವಿಷ್ಯ ಹೇಳಿರ್ಲಿಲ್ಲ. ಬುಧವಾರ ಬೆಳಿಗ್ಗೆ ಈ ಕೋಲ್ಡ್ ರೂಮ್ ಕೆಟ್ಟು ಕೂತಿತ್ತು. ಹಂಸಿನಿಗೆ ಫೋನ್ ಮಾಡ್ದೆ. ಯಾರನ್ನಾದ್ರೂ ಕಳಿಸ್ತೀನಿ, ಪೆಟ್ಟಿಗೆ ತಗೊಂಡು ಹೋಗ್ತಾರೆ ಅಂದ್ಳು. ನಾನು ರಿಪೇರಿಯವರ ಜೊತೆ ಮಾಳಿಗೆ ಮೇಲಿದ್ದೆ. ಇಳಿದು ಬರೋಷ್ಟ್ರಲ್ಲಿ ಪೆಟ್ಟಿಗೆ ಇರ್ಲಿಲ್ಲ. ಶುಕ್ರವಾರ ಜುಮ್ಮಾ ಮುಗಿಸಿ ಬಂದೆ, ನೋಡಿದ್ರೆ ವಾಪಸ್ ಇಲ್ಲೇ ಇತ್ತು.”

“ಎರಡು ದಿನ ಪೆಟ್ಟಿಗೆ ಇಲ್ಲಿರ್ಲಿಲ್ಲ! ಇದನ್ನ ಈಗ ಹೇಳ್ತಿದೀರಾ?”

“ಹಂಸಿನಿಯೇ ಹೇಳಬೇಡಿ ಅಂದ್ಳು. ಕೋಲ್ಡ್ ರೂಮ್ ಕೆಟ್ಟಿದ್ದು ಗೊತ್ತಾದ್ರೆ ವೈನ್ ಹಾಳಾಗಿದೆ ಅಂತ ಆ ಮೇಡಂ ತಿಳ್ಕೊಂಡುಬಿಡ್ತಾರಂತೆ.”

ಪಂಕಜಾ ಒಂದು ಹಿಡಿ ಹುಲ್ಲನ್ನು ಜಿಪ್‌ಲಾಕ್ ಚೀಲಕ್ಕೆ ತುಂಬಿ ಎದ್ದಳು. ಮೊಣಕಾಲು ಚುಳುಕ್ಕೆಂದಿತು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಅಕ್ಟೋಬರಿನ ಹಳದಿ ಬಿಸಿಲು. ಎಲ್ಲಿಂದಲೋ ಜಿಲೇಬಿಯ ವಾಸನೆ ತೇಲಿ ಬಂತು. ಆಕರ್ಷ್ ಫೋನಿಗೆ ಸಿಕ್ಕಿದ. ವೈನನ್ನು ಅಮೆರಿಕಕ್ಕೆ ತರಿಸುವ ಲೈಸೆನ್ಸು ಅವನ ಹೆಸರಿನಲ್ಲಿತ್ತು, ಬಿಡಿ ಲೇಬಲ್ಲು ಬಿರಡೆಗಳೂ ಅವನ ಬಳಿ ಇದ್ದವು. ಎರಡು ದಿನದಿಂದ ಪಂಕಜಾಳ ಅನುಮಾನವೆಲ್ಲ ಅವನ ಸುತ್ತಲೇ ತಿರುಗುತ್ತಿತ್ತು.

“ಬುಧವಾರದಿಂದ ಶುಕ್ರವಾರ ರಾತ್ರಿವರೆಗೂ ನಾನು ಬಾಸ್ಟನ್ನಲ್ಲಿದ್ದೆ ಆಂಟಿ. ಬೋರ್ಡಿಂಗ್ ಪಾಸ್ ಫಾರ್ವರ್ಡ್ ಮಾಡ್ಲಾ?”

“ಮಾಡು. ನಾನು ಕೊಟ್ಟ ಸಾರಿನ ಪುಡಿ ಎಲ್ಲಿಟ್ಟಿದೀಯ?”

“ಪುಡಿನಾ?” ಅವನು ನಕ್ಕ. “ಅದು ಜುಲೈಗೇ ಖಾಲಿ. ಡಬ್ಬಾ ಡಿಶ್‌ವಾಷರ್‌ಗೆ ಹೋಗಿ ಬಂತು. ನೀವು ಮತ್ತೆ ಕಳಿಸ್ಲೇ ಇಲ್ಲ.”

“ಈ ವರ್ಷದ್ದು ಇನ್ನೂ ಯಾರಿಗೂ ಕೊಟ್ಟಿಲ್ಲ ಕಣಪ್ಪ,” ಎಂದು ಫೋನಿಟ್ಟಳು. ಏನು ಹೇಳಿದೆನೆಂದು ಅವಳ ಕಿವಿಗೇ ಬೀಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಹಂಸಿನಿಯ ಕಾರು ಬಂದು ಪಕ್ಕದಲ್ಲಿ ನಿಂತಿತು.

ಹಂಸಿನಿ ಇಳಿದಳು. ಮೂವತ್ತೆಂಟರ ಹುಡುಗಿ ಎರಡೇ ದಿನದಲ್ಲಿ ಸೊರಗಿದ್ದಳು. ದ್ರಾಕ್ಷಿ ಬಳ್ಳಿ ಸವರಿ ಸವರಿ ಒರಟಾದ ಆ ಬೆರಳುಗಳನ್ನು ಕಂಡರೆ ಪಂಕಜಾಳಿಗೆ ಯಾವಾಗಲೂ ಎಣ್ಣೆ ಹಚ್ಚಬೇಕೆನಿಸುತ್ತಿತ್ತು.

“ಸಾಕ್ರಿ ಆಂಟಿ. ಕರೀಂ ಅಂಕಲ್ ಫೋನ್ ಮಾಡಿದ್ರು. ನೀವು ಹುಡುಕೂದು ಬಿಡ್ರಿ.”

“ಬುಧವಾರ ಪೆಟ್ಟಿಗೆ ತಗೊಂಡು ಹೋದೋರು ಯಾರು?”

“ನನ್ನ ಪೈಕಿ ಒಬ್ರು. ಅವರನ್ನ ಇದರಾಗ ಎಳೀಬ್ಯಾಡ್ರಿ.”

“ಹಂಸಿನಿ, ನಾಲ್ಕು ಗಂಟೆಗೆ ಮೇರಿಯನ್ ಕೈ ತೊಳ್ಕೊಂಡು ಹೊರಟುಹೋಗ್ತಾಳೆ. ನಿನ್ನ ಬಳ್ಳಿಗಳ ಮೇಲೆ ಬುಲ್‌ಡೋಜರ್ ಓಡಿಸ್ತಾರೆ. ಗೊತ್ತಿದ್ದೂ ಬಾಯಿ ಬಿಡಲ್ಲ ಅಂದ್ರೆ?”

ಹಂಸಿನಿಯ ಕಣ್ಣು ತುಂಬಿತು. “ತೊಂಬತ್ತು ವರ್ಷದ ಬಳ್ಳಿ ಅದಾವ್ರಿ ಅವು. ನಾ ಹೋದಾಗ ಮುಳ್ಳಿನ್ಯಾಗ ಮುಚ್ಚಿಹೋಗಿದ್ದವು. ಒಂದೊಂದನ್ನೂ ಕೈಲೇ ಬಿಡಿಸೇನಿ. ಯಾವ ಬಳ್ಳಿ ಯಾವ ಕಡೆ ವಾಲ್ತದ ಅಂತ ನಿದ್ದೀಗಣ್ಣಾಗ ಹೇಳ್ತೀನಿ.”

“ಅದಕ್ಕೇ ಕೇಳ್ತಿರೋದು. ನನಗೆ ಹೇಳೋಕೇನು?”

“ನಿಮಗ ಸುಳ್ಳು ಹೇಳಾಕ ಬರೂದಿಲ್ರೀ ಆಂಟಿ. ಅದಕ್ಕ ಹೇಳವಲ್ಲೆ.”

ಅಷ್ಟೇ ಅಂದು ಬಗ್ಗಿ ಪಂಕಜಾಳ ಕಾಲು ಮುಟ್ಟಿದಳು. ಊರಿಗೆ ಹೊರಡುವಾಗ ಮಾತ್ರ ಹಾಗೆ ಮಾಡುತ್ತಿದ್ದಳು. ಆಮೇಲೆ ತಿರುಗಿ ನೋಡದೆ ಕಾರು ಹತ್ತಿದಳು.

ಪಂಕಜಾ ತನ್ನ ಕಾರಿನಲ್ಲಿ ಕೂತಳು. ತಲೆ ಕೆಲಸ ಮಾಡದಿದ್ದಾಗ ಅವಳದು ಒಂದೇ ದಾರಿ. ಜಿಪ್‌ಲಾಕ್ ತೆರೆದು ಮತ್ತೆ ಮೂಸಿದಳು. ಧನಿಯಾ, ಮೆಣಸಿನಕಾಯಿ, ಇಂಗು, ಕರಿಬೇವು, ಕಿತ್ತಳೆ. ಅವುಗಳ ಹಿಂದೆ, ಬಾಗಿಲ ಮರೆಯಲ್ಲಿ ನಿಂತ ಮಗುವಿನಂತೆ, ಒಂದು ಸಣ್ಣ ಕಹಿ.

ಕರಕಾದ ಮೆಂತ್ಯ.

ಅವಳು ಕಣ್ಣು ಬಿಟ್ಟಳು. ಹೋದ ಬುಧವಾರ ಮಧ್ಯಾಹ್ನ. ಒಳಗೆ ಹುರಿದರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆಂದು ಗ್ಯಾರೇಜಿನಲ್ಲಿ ಒಲೆ ಹಚ್ಚಿ ಪುಡಿಗೆ ಹುರಿಯುತ್ತಿದ್ದಳು. ಮಗಳ ಫೋನು ಬಂತು. ಎರಡು ನಿಮಿಷ ಮಾತಾಡಿ ಬರುವಷ್ಟರಲ್ಲಿ ಮೆಂತ್ಯ ಕರಕಾಗಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಆದ ತಪ್ಪು. ಹಾಳುಮಾಡಲು ಮನಸ್ಸು ಬಾರದೆ ಅದನ್ನೇ ಸೇರಿಸಿ ಪುಡಿ ಮಾಡಿಕೊಂಡಳು. ಮರ್ಯಾದೆ ಹೋದೀತೆಂದು ಆ ಪುಡಿಯನ್ನು ಯಾರಿಗೂ ಕೊಡಲಿಲ್ಲ. ಒಂದು ಚಮಚದಷ್ಟೂ ಮನೆಯ ಹೊಸ್ತಿಲು ದಾಟಿರಲಿಲ್ಲ.

ಬಿಸಿ ಪುಡಿಯನ್ನು ಡಬ್ಬಿಗೆ ತುಂಬುವಂತಿಲ್ಲ, ಕಾಗದದ ಮೇಲೆ ಹರಡಿ ಆರಿಸಬೇಕು. ಬೇಸ್‌ಮೆಂಟಿನ ಕೋಣೆಯಲ್ಲಿ ಹರಡಿ ಬನ್ನಿ ಎಂದು ಗಂಡನ ಕೈಗೆ ತಟ್ಟೆ ಕೊಟ್ಟಿದ್ದಳು. ಮೊಣಕಾಲಿನ ದೆಸೆಯಿಂದ ಅವಳು ಆ ಮೆಟ್ಟಿಲು ಇಳಿದು ನಾಲ್ಕು ತಿಂಗಳಾಗಿತ್ತು.

ಬ್ರಿಡ್ಜ್‌ವಾಟರಿಗೆ ಮೂವತ್ತು ನಿಮಿಷದ ದಾರಿ. ಇಕ್ಕೆಲದ ಮರಗಳು ಕೆಂಪಾಗಿ ನಿಂತಿದ್ದವು. ಪಂಕಜಾ ಡ್ರೈವ್ ಮಾಡಿದ್ದೇ ನೆನಪಿಲ್ಲದವಳಂತೆ ಮನೆ ತಲುಪಿದಳು. ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿದ್ದದ್ದು ಗಂಡ ಬದರೀನಾಥರ ಮುಖ. ಐದು ವರ್ಷದ ಹಿಂದೆ ಕೋವಿಡ್ ಬಂದು ಹೋದಾಗ ಅವರ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಅವಳು ಅವರಿಗೆ ವಾಸನೆ ಹೇಳುತ್ತಾಳೆ. ಇವತ್ತು ಡಿಕಾಕ್ಷನ್ ಗಟ್ಟಿ ಬಂದಿದೆ, ಪಕ್ಕದ ಮನೆಯವರು ಹುಲ್ಲು ಕತ್ತರಿಸಿದ್ದಾರೆ, ಮಳೆ ಬರುತ್ತೆ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ, ಚಿಕ್ಕ ಮಕ್ಕಳು ಕತೆ ಕೇಳುವ ಹಾಗೆ.

ಹಾಗಾದರೆ ವಾಸನೆ ಬಾರದ ಮನುಷ್ಯ ಪುಡಿಯನ್ನು ತೆರೆದ ಪೆಟ್ಟಿಗೆಯ ಪಕ್ಕದಲ್ಲೇ ಹರಡಿದ್ದಾರೆ. ಹುಲ್ಲು ಅದನ್ನೆಲ್ಲ ಹೀರಿಕೊಳ್ಳುತ್ತಿದೆಯೆಂದು ಅವರಿಗೆ ತಿಳಿಯುವುದಾದರೂ ಹೇಗೆ?

ಮನೆ ನಿಶ್ಶಬ್ದವಾಗಿತ್ತು. ಪಂಕಜಾ ಕಂಬಿ ಹಿಡಿದು ಹದಿನಾಲ್ಕು ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು.

ಕೋಣೆಯಲ್ಲಿ ಸ್ಟೀಲಿನ ಡಬ್ಬಿಗಳ ಸಾಲು. ಅದರ ಕೆಳಗಿನ ಕಪಾಟಿನಲ್ಲಿ ಬದರೀನಾಥರ ಬಿಳಿ ಪಂಚೆಯಲ್ಲಿ ಸುತ್ತಿ ಮಲಗಿಸಿದ ಬಾಟಲಿಗಳು. ಎಣಿಸಿದಳು. ಹನ್ನೊಂದು. ಹನ್ನೆರಡನೆಯದು ಬಿರಡೆ ತೆಗೆದು ನಿಂತಿತ್ತು, ಪಕ್ಕದಲ್ಲಿ ಅವರ ಕಾಫಿ ಲೋಟ.

“ದೇವರ ಮನೆ ಇರೋ ಮಹಡೀಲಿ ಇಡೋಕೆ ಮನಸ್ಸು ಬರ್ಲಿಲ್ಲ,” ಎಂದು ಹಿಂದಿನಿಂದ ದನಿ ಬಂತು. “ಅದಕ್ಕೇ ಇಲ್ಲಿಟ್ಟೆ.”

ಬದರೀನಾಥರು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಸಿಕ್ಕಿಬಿದ್ದವರ ಮುಖವಲ್ಲ ಅದು, ದಣಿದ ಮುಖ.

“ನೀವಾ? ನೀವೇ ಮಾಡಿದ್ದಾ ಇದನ್ನ?” ಪಂಕಜಾ ಅವರತ್ತ ತಿರುಗಿದಳು. “ಆ ಹುಡುಗಿ ಬೀದಿಗೆ ಬೀಳ್ತಿದಾಳೆ. ಎರಡು ದಿನದಿಂದ ನಾನು ಊರೆಲ್ಲ ಸುತ್ತುತಿದೀನಿ. ನೀವು ಮೇಲೆ ಕೂತು ಪೇಪರ್ ಓದ್ತಿದ್ರಿ.”

“ಬಚ್ಚಿಡಿ ಅಂದಿದ್ದೇ ಅವಳು ಕಣೇ. ಗುರುವಾರ ನೀನು ದೇವಸ್ಥಾನಕ್ಕೆ ಹೋದಾಗ ಬಂದು, ತನ್ನ ತೋಟದ್ದೇ ಲೇಬಲ್ಲು, ಬಿರಡೆ ಹಾಕಿದ ಬೇರೆ ಬಾಟಲಿ ಪೆಟ್ಟಿಗೇಲಿ ಜೋಡಿಸಿದ್ಳು. ಪೆಟ್ಟಿಗೆ ವಾಪಸ್ ಇಟ್ಟು ಬಂದಿದ್ದು ನಾನು.”

“ಹಂಸಿನಿನಾ? ತನ್ನ ವೈನನ್ನ ತಾನೇ? ಯಾಕೆ?”

“ಮೂಸಿ ನೋಡು.”

ಪಂಕಜಾ ಬಾಟಲಿ ಎತ್ತಿ ಮೂಗಿಗೆ ಹಿಡಿದಳು. ನೇರಳೆ ಹಣ್ಣು. ಕರಿಮೆಣಸು. ನಿಧಾನವಾಗಿ ಬಿಸಿಲು ಕಲ್ಲು, ಕಲ್ಲಿನ ಮೇಲಿನ ಬಟ್ಟೆ, ಗುಡ್ಡದ ಗಾಳಿ. ಅದೇ ತೋಟ, ಅದೇ ದಾರಿ. ಬೇಸ್‌ಮೆಂಟಿನ ಟ್ಯೂಬ್‌ಲೈಟಿನ ಕೆಳಗೆ ಒಂದು ಕ್ಷಣ ಅವಳಿಗೆ ಎಲ್ಲವೂ ಮರೆತುಹೋಯಿತು.

“ಏನೂ ಆಗಿಲ್ವಲ್ಲ. ಚಿನ್ನದಂಥ ವೈನು!”

“ಮೂಗಿಗೆ ಸಿಗಲ್ವಂತೆ. ನಾಲಿಗೆ ಮೇಲೆ ಹೋದಾಗ ಸಿಗುತ್ತಂತೆ. ನನಗೂ ನಂಬಿಕೆ ಬರ್ಲಿಲ್ಲ. ಭಾನುವಾರ ಒಂದು ಗುಟುಕು ಕುಡಿದೆ.” ಬದರೀನಾಥರು ತಲೆ ತಗ್ಗಿಸಿದರು. “ಪಂಕಜಾ, ಐದು ವರ್ಷದ ಮೇಲೆ ನನಗೊಂದು ವಾಸನೆ ಬಂತು. ಹೊಗೆ ವಾಸನೆ.”

ಗಂಡನಿಗೆ ವಾಸನೆ ಬಂತೆಂಬ ಸಂತೋಷವೂ ಆ ವಾಸನೆ ಯಾವುದೆಂಬ ಭಯವೂ ಒಟ್ಟಿಗೇ ನುಗ್ಗಿದವು. ಎದುರು ಗುಡ್ಡದ ಬೆಂಕಿ. ಎಲೆ ಬಾಡಿರಲಿಲ್ಲ ನಿಜ. ಹಣ್ಣು ಹೊಗೆಯನ್ನು ಕುಡಿದಿತ್ತು.

ಲೋಟದ ತಳದಲ್ಲಿ ಒಂದಿಷ್ಟು ಉಳಿದಿತ್ತು. ಪಂಕಜಾ ಬೆರಳು ಅದ್ದಿದಳು. ಅರವತ್ತಮೂರು ವರ್ಷ ಕಾಪಾಡಿಕೊಂಡು ಬಂದ ನಾಲಿಗೆ. ಒಮ್ಮೆ ಗಂಡನ ಮುಖ ನೋಡಿ ಬೆರಳನ್ನು ಬಾಯಿಗಿಟ್ಟುಕೊಂಡಳು.

ಮೊದಲು ಹುಳಿ. ಆಮೇಲೆ ಹಣ್ಣು. ಏನೂ ಇಲ್ಲವೆಂದು ಉಸಿರು ಬಿಡುವಷ್ಟರಲ್ಲಿ ನಾಲಿಗೆಯ ಹಿಂಬದಿಯಿಂದ ಅದು ಬಂತು. ಬಚ್ಚಲ ಹಂಡೆಯ ಒಲೆಯಲ್ಲಿ ನಿನ್ನೆ ಆರಿದ ಬೂದಿ. ನುಂಗಿದರೂ ಹೋಗಲಿಲ್ಲ.

“ಪೀಪಾಯಿಯಲ್ಲಿ ಇದ್ದಾಗ ಗೊತ್ತಾಗಲಿಲ್ವಂತೆ. ಬಾಟಲಿಗೆ ತುಂಬಿದ ಮೇಲೆ ತಲೆ ಎತ್ತಿದೆ,” ಎಂದರು ಬದರೀನಾಥರು. “ಆಮೇಲಿನ ವರ್ಷದ ವೈನಿಗೆ ಹೊಗೆ ಇಲ್ಲ. ಈ ಒಂದು ವರ್ಷ ಹೇಗಾದ್ರೂ ದಾಟಿದ್ರೆ ತೋಟ ಉಳಿಯುತ್ತೆ ಅಂತ ಹೀಗೆ ಮಾಡಿದ್ಳು. ನೀನು ಅಷ್ಟು ಜನರ ಮುಂದೆ ಬಾಯಿ ಬಿಡ್ತೀಯ ಅಂತ ಅವಳಿಗೆ ಅನಿಸಿರ್ಲಿಲ್ಲ.”

ಪಂಕಜಾ ಡಬ್ಬಿಯ ಕಪಾಟಿಗೆ ಒರಗಿ ನಿಂತಳು. ಅವಳ ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು. ಮೇರಿಯನ್. ಗಂಟೆ ನಾಲ್ಕಕ್ಕೆ ಹತ್ತು ನಿಮಿಷ.

“ಸಿಕ್ಕಿತಾ?” ಮೇರಿಯನ್ ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು.

ಬದರೀನಾಥರು ಬೇಡ ಎನ್ನುವಂತೆ ಕೈ ಆಡಿಸಿದರು. ಪಂಕಜಾಳ ಬಾಯಿ ಅಭ್ಯಾಸಬಲದಿಂದ ನಿಜವನ್ನೇ ಹೇಳಿತು. “ಸಿಕ್ಕಿದೆ. ನನ್ನ ಮುಂದೆಯೇ ಇದೆ.”

ಆ ಕಡೆ ದೀರ್ಘವಾದ ಉಸಿರು ಕೇಳಿತು. ಮೇರಿಯನ್‌ಗೂ ಆ ತೋಟದ ಮೇಲೆ ಮನಸ್ಸಿತ್ತು. “ಹಾಗಾದರೆ ಯಾರು ಕದ್ದರು, ಯಾಕೆ ಕದ್ದರು, ನನಗೆ ಬೇಕಿಲ್ಲ. ಕಾಗದ ನನ್ನ ಮುಂದಿದೆ, ಪೆನ್ನು ಕೈಯಲ್ಲಿದೆ. ಒಂದು ಬಾಟಲಿ ತೆಗೆದು ಮೂಸಿ ನೋಡು ಪಂಕಜಾ. ಮಾರ್ಚಿನಲ್ಲಿ ನೀನು ಮೂಸಿದ ವೈನು ಅದೇ ಹೌದೋ ಅಲ್ಲವೋ, ಅಷ್ಟು ಹೇಳು. ನಿನ್ನ ಮೂಗು ಹೌದು ಅಂದರೆ ಈಗಲೇ ಸಹಿ ಹಾಕುತ್ತೇನೆ.”

ಅದೇ ವೈನು. ಮೂಗನ್ನು ಕೇಳಿದರೆ ಹೌದೆಂದೇ ಹೇಳುತ್ತಿತ್ತು, ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ನಾಲಿಗೆಯನ್ನು ಯಾರೂ ಕೇಳಿರಲಿಲ್ಲ.

ಪಂಕಜಾ ಬಾಟಲಿಯನ್ನು ಎತ್ತಿಕೊಂಡು ಮತ್ತೊಮ್ಮೆ ಮೂಗಿನ ಹತ್ತಿರ ತಂದಳು. ಬಾಯಿ ತುಂಬ ಬೂದಿಯ ರುಚಿ ಹಾಗೇ ಇತ್ತು.

“ಹಲೋ? ಪಂಕಜಾ, ಲೈನಿನಲ್ಲಿದ್ದೀಯಾ?” ಎಂದಳು ಮೇರಿಯನ್.